ಅರವತ್ತು ಎಂಜಲು ಚೀಲ

ಮಕ್ಕಳು ಭೂತಪ್ರೇತದ ವೇಷ ತೊಟ್ಟು ಮನೆಮನೆಗೆ ಮಿಠಾಯಿ ಕೇಳಲು ಹೋಗುವ ಹ್ಯಾಲೋವೀನಿಗೆ ಇನ್ನೂ ಹದಿನೈದು ದಿನ ಇರುವಾಗಲೇ ಡಾಕ್ಟರ್ ಮಧುಸೂದನ ಹನ್ನೊಂದು ನಿಯಮ ಬರೆದು, ಲಂಡನ್ನಿನ ಪಿನ್ನರ್ ಬಡಾವಣೆಯ ತನ್ನ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಮಕ್ಕಳು ಯಾರ ಬಾಗಿಲನ್ನೂ ತಟ್ಟಬಾರದು, ಒಂದೇ ಬುಟ್ಟಿಗೆ ಎಲ್ಲರೂ ಕೈ ಹಾಕಬಾರದು, ಹೀಗೆ. ಕೆಮ್ಮು, ಜ್ವರ ಇದ್ದವರು ಮನೆಯಲ್ಲೇ ಇರಬೇಕು ಎಂಬುದು ಹನ್ನೊಂದನೆಯದು. ಅಷ್ಟು ಕೆಳಗಿನದನ್ನು ಬರೆದವನೂ ತಿರುಗಿ ಓದಿದಂತಿರಲಿಲ್ಲ.

ನಿಯಮದ ಜೊತೆಗೆ ಒಂದು ಪೈಪೂ ಬಂತು. ಮಳೆನೀರಿನ ಉದ್ದನೆಯ ಪೈಪನ್ನು ಮಹಡಿಯ ಕಿಟಕಿಯಿಂದ ಗೇಟಿನ ತನಕ ಇಳಿಜಾರಾಗಿ ಕಟ್ಟಿದ. ಮೇಲಿಂದ ಮಿಠಾಯಿ ಬಿಟ್ಟರೆ ಕೆಳಗೆ ಮಗುವಿನ ಚೀಲಕ್ಕೆ ಬೀಳಬೇಕು. ಯಾರ ಕೈಯೂ ಯಾರಿಗೂ ತಾಗುವಂತಿಲ್ಲ.

ಆಗಸ್ಟಿನಲ್ಲಿ ಕುಂದಗೋಳದ ಕಡೆಯ ಹಳ್ಳಿಯಿಂದ ಮಗನ ಮನೆಗೆ ಬಂದಿದ್ದ ಪಾರ್ವತೆವ್ವ ಪೈಪನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಮೂವತ್ತು ವರ್ಷದ ಬಿತ್ತನೆಯಲ್ಲಿ ಕೂರಿಗೆಯ ಹಿಂದೆ ನಡೆದು, ಅದರ ಕೊಳವೆಯಲ್ಲಿ ನೆಲಕ್ಕಿಳಿಯುವಂತೆ ಬಟ್ಟಲಿಗೆ ಬೀಜ ಬಿಟ್ಟ ಕೈ ಅವಳದು.

"ನಮ್ಮ ಕೂರಿಗಿನ ಅಲ್ಲೇನೋ ಇದು?"

"ಕೂರಿಗಿ ಅಲ್ಲವ್ವಾ, ಸಿಸ್ಟಮ್," ಎಂದ ಮಧುಸೂದನ. ಅವನಿಗೆ ಆ ಹೋಲಿಕೆ ಹಿಡಿಸಲಿಲ್ಲ.

ಆದರೆ ಪೈಪಿನ ಮೇಲೆ ನಿಜವಾಗಿ ಜೀವ ಇಟ್ಟುಕೊಂಡಿದ್ದವಳು ಪಕ್ಕದ ಮನೆಯ ಜಾಹ್ನವಿ. ಅವಳ ಏಳು ವರ್ಷದ ಮಗಳು ಸಂಹಿತಾಗೆ ಮಾರ್ಚಿನಲ್ಲಿ ಬೇರೆಯವರ ಕಿಡ್ನಿ ಹಾಕಿದ್ದರು. ಆ ಕಿಡ್ನಿಯನ್ನು ಮೈ ಒಪ್ಪಿಕೊಳ್ಳಲೆಂದು ಕೊಡುವ ಔಷಧ ಮಗುವಿನ ರೋಗ ತಡೆಯುವ ಶಕ್ತಿಯನ್ನೇ ತಗ್ಗಿಸುತ್ತದೆ. ಸಣ್ಣ ನೆಗಡಿ ತಾಗಿದರೂ ಆಸ್ಪತ್ರೆ. ಏಳು ತಿಂಗಳಿಂದ ಹುಡುಗಿ ಬೀದಿಯ ಮಕ್ಕಳನ್ನು ಗಾಜಿನ ಈಚೆಯಿಂದಲೇ ನೋಡುತ್ತಿದ್ದಳು.

"ನಿಜವಾಗ್ಲೂ ಸೇಫಾ ಡಾಕ್ಟರೇ?" ಎಂದು ಜಾಹ್ನವಿ ಬೇಲಿಯಾಚೆಯಿಂದ ಮೂರು ಸಲ ಕೇಳಿದ್ದಳು.

"ಪೈಪ್ ಕಟ್ಟಿದ್ದೇ ಸಂಹಿತಾಗೋಸ್ಕರ. ನೂರಕ್ಕೆ ನೂರು," ಎಂದು ಇವನು ಮೂರು ಸಲವೂ ಹೇಳಿದ್ದ.

ಹಬ್ಬದ ದಿನ ಮಧ್ಯಾಹ್ನ ಅವನು ಊಟದ ಮೇಜಿನ ಮೇಲೆ ಅರವತ್ತು ಕಾಗದದ ಚೀಲ ಹರಡಿಕೊಂಡು ಕೂತ. ಒಂದೊಂದರ ಮೇಲೂ 'ಡಾಕ್ಟರ್ ಮಧು ಅವರ ಸುರಕ್ಷಿತ ಹ್ಯಾಲೋವೀನ್' ಎಂಬ ಚೀಟಿ. ಕೈಗೆ ನೀಲಿ ಕೈಗವಸು, ಮುಖಕ್ಕೆ ಮಾಸ್ಕು. ಬೆಳಿಗ್ಗೆಯಿಂದ ಕೆಮ್ಮುತ್ತಿದ್ದ, ಧೂಳಿನ ಅಲರ್ಜಿ ಅಂದಿದ್ದ. ಚಹಾದ ಬಟ್ಟಲು ಕೊಡುವಾಗ ಅವನ ಬೆರಳು ತಾಗಿ ಪಾರ್ವತೆವ್ವನಿಗೆ ಬಟ್ಟಲಿಗಿಂತ ಬೆರಳೇ ಬಿಸಿ ಅನ್ನಿಸಿತ್ತು.

ಚೀಲಗಳ ಬಾಯಿ ಅಂಟಿಕೊಂಡಿತ್ತು. ಅವನು ಮಾಸ್ಕನ್ನು ಗದ್ದಕ್ಕೆ ಇಳಿಸಿದ, ಕೈಗವಸಿನ ಹೆಬ್ಬೆರಳನ್ನು ನಾಲಿಗೆಗೆ ಒತ್ತಿದ, ಚೀಲ ಬಿಡಿಸಿದ, ಒಳಗೆ ಉಫ್ ಎಂದು ಊದಿದ, ಮಾಸ್ಕನ್ನು ಮೇಲಕ್ಕೇರಿಸಿದ. ಮತ್ತೆ ಇನ್ನೊಂದು. ಹುಡುಗನಾಗಿದ್ದಾಗ ಅಪ್ಪನ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಕಟ್ಟುತ್ತಿದ್ದುದೂ ಹೀಗೆಯೇ. ಲಂಡನ್ನಿನ ಇಪ್ಪತ್ತು ವರ್ಷ ಆ ಹೆಬ್ಬೆರಳಿನ ತನಕ ಇಳಿದಿರಲಿಲ್ಲ.

"ಮಧು, ಚೀಲಕ್ಕೆಲ್ಲಾ ಎಂಜಲ ಹಚ್ಚಾಕ ಹತ್ತೀಯಲ್ಲೋ."

"ನಾ ಎಲ್ಲೆ ಹಚ್ಚಿದೆ?" ಎಂದವನೇ ಮಾಸ್ಕು ಇಳಿಸಿ ಬೆರಳು ನೆಕ್ಕಿ ಮುಂದಿನ ಚೀಲ ಎತ್ತಿಕೊಂಡ.

"ಈಗ ಹಚ್ಚಿದಿಯಲ್ಲ."

"ಅವ್ವಾ, ನಾ ಡಾಕ್ಟರ್ ಅದೀನಿ. ಸೋಂಕು ಅಂದ್ರೇನು ಅಂತ ನನಗ ನೀ ಕಲಸಬ್ಯಾಡ."

"ಡಾಕ್ಟರ್‌ಗೋಳ ನಾಲಿಗಿ ಬ್ಯಾರೆ ಇರತೈತೇನು?"

ಅವನು ಅರವತ್ತನೆಯ ಚೀಲಕ್ಕೂ ಊದಿ ಮಿಠಾಯಿ ತುಂಬಿದ. ಒಂದು ಮಾತ್ರೆ ನುಂಗಿ, ಕರಿಯ ನಿಲುವಂಗಿ ತೊಟ್ಟು ರಕ್ತ ಹೀರುವ ಭೂತವಾದ.

ಐದೂವರೆಗೆಲ್ಲ ಕತ್ತಲಾಯಿತು. ಮಿಠಾಯಿ ಬಿಡುವ ಕೆಲಸ ಪಾರ್ವತೆವ್ವನದು. ಅವಳು ಅರವತ್ತು ಚೀಲ ತುಂಬಿದ ಟಬ್ಬನ್ನು ಮೇಲೆ ಒಯ್ದು ಕಿಟಕಿಯ ಹತ್ತಿರ ಇಟ್ಟಳು. ಹುಳ ಹಿಡಿದ ಬೀಜವನ್ನು ಅವಳು ಒಂದು ದಿನವೂ ಕೂರಿಗೆಗೆ ಬಿಟ್ಟವಳಲ್ಲ. ಸ್ವಲ್ಪ ಹೊತ್ತು ಟಬ್ಬನ್ನೇ ನೋಡಿ, ಕೆಳಗಿಳಿದು, ಮೊಳಕೈ ತನಕ ಸಾಬೂನು ಹಚ್ಚಿ ಕೈ ತೊಳೆದಳು. ಅಡುಗೆಮನೆಯ ಕಪಾಟಿನಲ್ಲಿ ಅಂಗಡಿಯಿಂದ ತಂದಂತೆಯೇ ಒಡೆಯದೆ ಉಳಿದಿದ್ದ ಚಾಕೊಲೇಟಿನ ಎರಡು ದೊಡ್ಡ ಪೊಟ್ಟಣಗಳಿದ್ದವು. ಅವನ್ನು ತೊಳೆದ ಕತ್ತರಿಯಿಂದ ಕತ್ತರಿಸಿ ಮೇಲೆ ತಂದಳು.

ಮಧುಸೂದನ ಗೇಟಿನ ಬಳಿ ನಿಂತು ಬೀದಿಯವರಿಗೆ ಇಂಗ್ಲಿಷಿನಲ್ಲಿ ತನ್ನ ಪೈಪಿನ ಮಹಿಮೆ ಹೇಳುತ್ತಿದ್ದ. ನಡುನಡುವೆ ತಿರುಗಿ ಕೆಮ್ಮುತ್ತಿದ್ದ. ಸಾಲಿನ ಮುಂದೆ ಬಿಳಿ ಬೆಕ್ಕಿನ ವೇಷದ ಸಂಹಿತಾ, ಹಿಂದೆ ಜಾಹ್ನವಿ. ಅವನಿಗೂ ಅವರಿಗೂ ನಾಲ್ಕು ಹೆಜ್ಜೆ ದೂರ.

"ಅವ್ವಾ, ಬಿಡು."

ಏನೂ ಬರಲಿಲ್ಲ.

"ಅವ್ವಾ, ಚೀಲ ಬಿಡು. ಚೀಟಿ ಇದ್ದದ್ದು."

ಪಾರ್ವತೆವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಹೊಲದ ಆ ತುದಿಗೆ ಕೇಳುವಂತೆ ಮಾತಾಡಿ ರೂಢಿಯಾದ ಗಂಟಲು ಅದು.

"ನಿನ್ನ ಎಂಜಲ ಚೀಲ ನಾ ಬಿಡಂಗಿಲ್ಲ. ಮುಂಜಾನಿಂದ ಮೈ ಸುಡಾಕ ಹತ್ತೇತಿ ನಿನಗ. ಆ ಕೂಸಿನ ಮುಂದ ನಿಂತು ಕೆಮ್ಮಬ್ಯಾಡ, ಒಳಗ ಬಾ ಮೊದಲು."

ನರೆತ ಕೂದಲಿನ ಸೀರೆಯ ಮುದುಕಿ ಕಿಟಕಿಯಲ್ಲಿ ಕೂಗಿದ್ದನ್ನು ಕಂಡು ಬೀದಿಯ ಮಂದಿ ಚಪ್ಪಾಳೆ ತಟ್ಟಿದರು. ಮಾಟಗಾತಿಯ ಪಾತ್ರ ಸೊಗಸಾಗಿದೆ ಎಂದು ಒಬ್ಬಾತ ಫೋಟೋ ತೆಗೆದ. ಅಷ್ಟು ಜನರಲ್ಲಿ ಕನ್ನಡ ತಿಳಿದವಳು ಜಾಹ್ನವಿ ಒಬ್ಬಳೇ. ಅವಳು ಮಗಳ ಹೆಗಲು ಹಿಡಿದು ರಸ್ತೆಯ ಅಂಚಿನ ತನಕ ಹಿಂದಕ್ಕೆ ಸರಿದಳು.

"ಜ್ವರ ಇದೆಯಾ ಡಾಕ್ಟರೇ?"

"ಅಲರ್ಜಿ... ಸ್ವಲ್ಪ..."

"ಹನ್ನೊಂದನೇ ರೂಲ್ ಬರ್ದಿದ್ದು ನೀವೇ ಅಲ್ವಾ?"

ಭೂತ ನಿಲುವಂಗಿ ಎತ್ತಿ ಹಿಡಿದುಕೊಂಡು ಮನೆಯೊಳಗೆ ಹೋಯಿತು. ಅದಕ್ಕೂ ಚಪ್ಪಾಳೆ ಬಿತ್ತು.

ಪಾರ್ವತೆವ್ವ ಕಿಟಕಿಯಿಂದ ಇನ್ನಷ್ಟು ಬಾಗಿದಳು. ಕಳವಳದಿಂದ ಮೇಲೆ ನೋಡಿದ ಜಾಹ್ನವಿಗೆ ತೊಳೆದ ಎರಡೂ ಕೈ ತೋರಿಸಿದಳು. "ಅಂಗಡಿ ಪ್ಯಾಕೆಟ್ ಐತವಾ, ಈಗ ಒಡದೀನಿ. ಅವ ಮುಟ್ಟಿಲ್ಲ."

ಜಾಹ್ನವಿ ಮಗಳ ಹೆಗಲು ಬಿಟ್ಟಳು. ಸಂಹಿತಾ ಪೈಪಿನ ಬಾಯಿಗೆ ಚೀಲ ಒಡ್ಡಿದಳು. ಪಾರ್ವತೆವ್ವ ಜೋಳ ಬಿಡುವ ಲೆಕ್ಕದಲ್ಲಿ, ಬೆರಳ ಸಂದಿಯಿಂದ ಒಂದರ ಹಿಂದೆ ಒಂದು ಚಾಕೊಲೇಟು ಜಾರಿಸಿದಳು. ಒಂದೂ ಸಿಕ್ಕಿಹಾಕಿಕೊಳ್ಳಲಿಲ್ಲ.

"ಥ್ಯಾಂಕ್ ಯೂ, ಅಜ್ಜಿ," ಎಂದಿತು ಬೆಕ್ಕು.

ಬೀದಿ ಖಾಲಿಯಾದ ಮೇಲೆ ಪಾರ್ವತೆವ್ವ ಅರವತ್ತು ಚೀಲವನ್ನೂ ಕಸದ ಡಬ್ಬಿಗೆ ಸುರಿದು, ಮಗನ ಕೋಣೆಯ ಹೊಸ್ತಿಲ ಹೊರಗೆ ಗಂಜಿಯ ತಟ್ಟೆ ಇಟ್ಟಳು. ಅವನು ರಗ್ಗು ಹೊದ್ದು ನಡುಗುತ್ತಲೇ ಫೋನು ನೋಡುತ್ತಿದ್ದ.

"ಅವ್ವಾ, ಎಲ್ಲಾರೂ ಪೈಪ್ ಛಲೋ ಇತ್ತು ಅಂತ ಬರದಾರ. ಮುಂದಿನ ವರ್ಷ ಎರಡು ಹಾಕ್ರಿ ಅಂತಾರ."

"ಹಾಕು," ಎಂದಳು ಪಾರ್ವತೆವ್ವ. "ಗಂಜಿ ತಗೊಂಡು ಬಾಗಲಾ ಮುಚ್ಚಿಕೋ. ತಟ್ಟಿ ನೀನ ತೊಳಿ."