ಮುನ್ನೂರ ಹನ್ನೆರಡು ಜೊತೆ ಪಾದ

"ಆ ಪ್ಲಗ್ಗಿಗೆ ಕೈ ಹಾಕ್ಬೇಡ ಅಣ್ಣಾ," ಎಂದು ಬೂಟು ಮೇಸ್ತ್ರಿಯ ಮಗಳು ಮೇಜಿಗೂ ಗೋಡೆಗೂ ನಡುವೆ ಅಡ್ಡ ನಿಂತಳು.

ಮೇಸ್ತ್ರಿಯ ದೇಹ ಒಳಕೋಣೆಯಲ್ಲಿ ಪೆಟ್ಟಿಗೆಯೊಳಗಿತ್ತು. ಹೊರಗೆ ಒಯ್ಯಲು ಇದ್ದ ದಾರಿ ಇಕ್ಕಟ್ಟಾದ ನಡುಮನೆಯೊಂದೇ. ಅದರ ಅರ್ಧವನ್ನು ಅವರ ಕಂಪ್ಯೂಟರ್ ಮೇಜು ನುಂಗಿತ್ತು. ಮೇಜು ಸರಿಸಬೇಕಾದರೆ ವೈರು ಕೀಳಬೇಕು. ಪರದೆಯ ಮೇಲೋ, ಹೊಸ ಆವೃತ್ತಿ ಶೇಕಡಾ ಅರವತ್ತೆರಡು ಮುಗಿದಿದೆ, ಆಫ್ ಮಾಡಬೇಡಿ ಎಂಬ ಬರಹ. ನಿನ್ನೆ ಬೆಳಿಗ್ಗೆ ಮೇಸ್ತ್ರಿಯೇ ಗುಂಡಿ ಒತ್ತಿ, ಅದೇ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದರು. ಹೊಸ ಆವೃತ್ತಿಯನ್ನು ದಿನವಿಡೀ ಇಳಿಸಿಕೊಂಡ ಯಂತ್ರ ಇವತ್ತು ತಾನಾಗಿಯೇ ಕೆಲಸ ಹಚ್ಚಿಕೊಂಡಿತ್ತು. ಯಜಮಾನರು ಹೋದ ಸುದ್ದಿಯನ್ನು ಅದಕ್ಕೆ ಯಾರು ಹೇಳಬೇಕು?

ಅಣ್ಣನಿಗೆ ರೇಗಿತು. ಹೇಗೂ ಅಂಗಡಿ ಮುಚ್ಚುವುದೇ ತಾನೆ, ಆ ಡಬ್ಬ ಇದ್ದರೆಷ್ಟು ಹೋದರೆಷ್ಟು ಎಂದ. ಮುಚ್ಚುವ ಮಾತೇ ಇಲ್ಲ ಎಂದಳು ತಂಗಿ. ಹನ್ನೊಂದು ವರ್ಷ ಅಪ್ಪನ ಪಕ್ಕ ಕೂತು ಹೊಲಿದವಳು ಅವಳು. ಹೊಲಿಯಲು ಅವಳ ಕೈ ಸಾಕು. ಆದರೆ ಯಾರ ಪಾದ ಎಷ್ಟು ಎಂಬುದೆಲ್ಲ ಆ ಯಂತ್ರದಲ್ಲೇ ಇತ್ತು. ಅರ್ಧಕ್ಕೆ ನಿಂತರೆ ಅಷ್ಟೂ ಅಳಿಸಿಹೋದೀತು.

* * *

ಮೇಸ್ತ್ರಿಯದು ಸೊಟ್ಟ ಕಾಲುಗಳ ಅಂಗಡಿ. ಒಂದುದ್ದ ಒಂದು ಗಿಡ್ಡ, ಬೆರಳಿಲ್ಲದ್ದು, ಊದಿದ್ದು, ಹೀಗೆ ಬೇರೆಯವರು ಕೈಚೆಲ್ಲಿದ ಕಾಲುಗಳೆಲ್ಲ ಇವರ ಬಳಿಗೇ ಬರುತ್ತಿದ್ದವು. ಪ್ರತಿ ಪಾದವನ್ನೂ ಕಾಗದದ ಮೇಲೆ ನಿಲ್ಲಿಸಿ ಸುತ್ತ ಗೆರೆ ಎಳೆಯುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಅಳತೆಯನ್ನು ಅದರಲ್ಲಿ ಬರೆದಿಟ್ಟು, ಆ ಕಾಗದವನ್ನೇ ಮುದ್ದೆ ಮಾಡಿ ಹೊಸ ಬೂಟಿನ ಮೂತಿಗೆ ತುರುಕಿ ಕೊಟ್ಟುಬಿಡುತ್ತಿದ್ದರು. ಗಿರಾಕಿಗಳು ಅದನ್ನು ಕಸಕ್ಕೆ ಎಸೆಯುತ್ತಿದ್ದರು. ಅಂತೂ ಮೇಸ್ತ್ರಿಯ ಜಿಪುಣತನದಿಂದ ಒಂದು ಚೂರು ಕಾಗದವೂ ಉಳಿಯಲಿಲ್ಲ.

ಆಪರೇಟಿಂಗ್ ಸಿಸ್ಟಮ್ ಹಳತಾಯಿತು, ಹೊಸದು ಹಾಕೋಣ ಎಂದು ಅವರ ತಲೆ ತಿಂದವಳು ಮಗಳೇ. ಮೊದಲು ಎಲ್ಲದರ ನಕಲು ತೆಗೆದಿಡೋಣ ಎಂದೂ ಹೇಳಿದ್ದಳು.

"ಒಂದ್ಸಲ ಸರಿಯಾಗಿ ಅಳೆದ್ಮೇಲೆ ಎರಡನೇ ಸಲ ಯಾಕಮ್ಮಾ?" ಎಂದಿದ್ದರು ಅಪ್ಪ.

ನಿನ್ನೆ ಅವಳು ಅಂಗಡಿಗೆ ಹೊರಟದ್ದೇ ತಡ, ಅವಳನ್ನು ಖುಷಿಪಡಿಸಲೆಂದು ನಕಲಿಲ್ಲದೆಯೇ ಗುಂಡಿ ಒತ್ತಿದ್ದರು.

* * *

ಅಂತಿಮ ದರ್ಶನಕ್ಕೆ ಬಂದವರಲ್ಲಿ ಹೆಚ್ಚಿನವರು ಗಿರಾಕಿಗಳೇ; ಅವರಿಗೆ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗುಸುಗುಸು ಎದ್ದಿತು. ಆಗ, ಎಡಗಾಲು ಒಂದಿಂಚು ಗಿಡ್ಡವಾಗಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಕುರ್ಚಿ ಎಳೆದು ಕೂತೇಬಿಟ್ಟರು.

"ನನ್ನ ಎಡಗಾಲು ಅದ್ರೊಳಗಿದೆ. ಮೇಸ್ತ್ರಿ ನಮ್ಮನ್ನ ವಾರಗಟ್ಲೆ ಕಾಯ್ಸಿಲ್ವಾ? ಇವತ್ತು ಅವರೂ ಸ್ವಲ್ಪ ಕಾಯ್ಲಿ."

ಉಳಿದವರೂ ಕೂತರು. ಎಪ್ಪತ್ತಾಯಿತು, ಎಂಬತ್ತಾಯಿತು. ಎಂಬತ್ತೊಂಬತ್ತರಲ್ಲಿ ಯಂತ್ರ ಹಟಮಾರಿ ಎತ್ತಿನ ಹಾಗೆ ನಿಂತಿತು. ಎರಡು ಸಲ ಪರದೆ ಕಪ್ಪಾಯಿತು. ಕೊನೆಗೆ ಬೆಳಕು ಬಂತು. ಕಡತ ತೆರೆದಳು. ಮುನ್ನೂರ ಹನ್ನೆರಡು ಜೊತೆ, ಒಂದೂ ಕಳೆದಿರಲಿಲ್ಲ. ಅಪ್ಪ ಹೋದ ಮೇಲೆ ಮೊದಲ ಬಾರಿಗೆ ಅವಳು ಗಟ್ಟಿಯಾಗಿ ಅತ್ತಳು. ನಕಲು ತೆಗೆದುಕೊಂಡ ಮೇಲೆಯೇ ಕಣ್ಣೊರೆಸಿಕೊಂಡಳು.

ಪೆಟ್ಟಿಗೆ ಹೊರುವವರು ಎದ್ದರು. ಪೋಸ್ಟ್‌ಮ್ಯಾನ್ ಮಾತ್ರ ಏಳಲಿಲ್ಲ. ಬೂಟು ಬಿಚ್ಚಿ ಎಡಗಾಲನ್ನು ಅವಳ ಮುಂದೆ ಚಾಚಿದರು.

"ಹೆಬ್ಬೆರಳು ಊದಿದೆ ಕಣಮ್ಮಾ. ಹಳೇ ಅಳತೆ ಇನ್ನು ನಡಿಯಲ್ಲ."

ಅವಳು ಟೇಪು ತಂದು ಮಂಡಿಯೂರಿದಳು. ಅಣ್ಣ ಅಪ್ಪನ ಕುರ್ಚಿಯಲ್ಲಿ ಕೂತು, ಕೀಲಿಮಣೆಯ ಮೇಲೆ ಎರಡು ತೋರುಬೆರಳಿಟ್ಟು, "ಎಷ್ಟು?" ಎಂದ.