ಎರಡಿಂಚು ಸಡಿಲ

"ಉಸಿರು ಬಿಡಿ ಭಾವ. ಹೊಟ್ಟೆ ಒಳಗೆಳಕೊಂಡ್ರೆ ಅಳತೆ ತಪ್ಪುತ್ತೆ."

ಭಾವ ಉಸಿರು ಬಿಟ್ಟ. ಟೈಲರಮ್ಮನ ಟೇಪು ಅವನ ಸೊಂಟ ಬಳಸಿ ಬಂದು, ಬಲಗಡೆ ಗಟ್ಟಿಯಾದ ಏನೋ ಒಂದರ ಮೇಲೆ ಉಬ್ಬಿ ನಿಂತಿತು. ಪ್ಯಾಂಟಿನ ಒಳಗೆ, ಬನಿಯನ್ನಿಗೆ ಒತ್ತಿಕೊಂಡು, ಚರ್ಮದ ಚೀಲದಲ್ಲಿ ಪಿಸ್ತೂಲು ಕೂತಿತ್ತು. ಕೊಂಡು ಮೂರು ವಾರ. ಬೆವರು, ಹೊಸ ಚರ್ಮ, ಎಣ್ಣೆ ಮೂರೂ ಕಲೆತ ವಾಸನೆ ಮೂಗಿಗೆ ಬಡಿದು ಅವಳು ಮುಖ ತಿರುಗಿಸಿದಳು. ಅವಳ ಮಶೀನಿಗೂ ಹೆಚ್ಚುಕಡಿಮೆ ಅಂಥದೇ ಎಣ್ಣೆ. ಇಷ್ಟು ವರ್ಷ ಮೂಸಿದರೂ ವಾಕರಿಕೆ ಬಂದದ್ದು ಇವತ್ತೇ.

"ಅದನ್ನ ಆಚೆ ತೆಗೆದಿಡಿ."

"ತೆಗೆದಿಟ್ರೆ ಅಳತೆ ಯಾವ ಕರ್ಮಕ್ಕಮ್ಮ? ಅದನ್ನೂ ಸೇರಿಸಿ ತಗೋ. ಮನೆಗೆ ಹೊಸದಾಗಿ ಬಂದಿರೋ ಅಳಿಯ ಅಂತ ತಿಳ್ಕೋ."

ತನ್ನ ಜೋಕಿಗೆ ತಾನೇ ನಕ್ಕ. ಹೊಟ್ಟೆ ಕುಲುಕಿತು, ಜೊತೆಗೆ ಟೇಪೂ ಕುಲುಕಿತು. ಮಶೀನಿನ ಪಕ್ಕದ ಸ್ಟೂಲಿನಲ್ಲಿ ಅವನ ನಾಲ್ಕು ಪ್ಯಾಂಟುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅಕ್ಕ, ಎಷ್ಟು ನಗಬೇಕೋ ಅಷ್ಟು ನಕ್ಕಳು.

ಎರಡು ತಿಂಗಳ ಹಿಂದೆ ಭಾವನ ಔಷಧಿ ಅಂಗಡಿಯಲ್ಲಿ, ಚೀಟಿಯಿಲ್ಲದೆ ನಿದ್ದೆ ಮಾತ್ರೆ ಕೇಳಿದ ಗಿರಾಕಿಯೊಬ್ಬ ಕೌಂಟರಿನಾಚೆಯಿಂದ ಬಗ್ಗಿ ಅವನ ಕೊರಳಪಟ್ಟಿ ಹಿಡಿದಿದ್ದ. ಹೊಡೆದಿರಲಿಲ್ಲ. ಬಾಯಿಗೆ ಬಂದಂತೆ ಬೈದು, ಒಮ್ಮೆ ಜಗ್ಗಿ, ಹೊರಟುಹೋಗಿದ್ದ. ಕಿತ್ತುಬಂದ ಗುಂಡಿಯನ್ನು ಮತ್ತೆ ಹೊಲಿದುಕೊಟ್ಟವಳು ಟೈಲರಮ್ಮನೇ. ಅವತ್ತು ಭಾವ ಕುಡಿಯಲು ಕೊಟ್ಟ ನೀರನ್ನು ಅಂಗಿಯ ಮೇಲೆಲ್ಲ ಚೆಲ್ಲಿಕೊಂಡದ್ದನ್ನು ನೋಡಿ ಅವಳ ಕರುಳು ಚುರುಕ್ ಎಂದಿತ್ತು. ಆ ಭಾವ ಅವಳಿಗೆ ಬೇಕಾದವನಾಗಿದ್ದ.

"ಈಗ ಬರಲಿ ಅವನು. ಒಂದೇ ಒಂದು ಸಲ ಬರಲಿ," ಎಂದ ಭಾವ, ಬಾರದ ನೆಂಟನಿಗಾಗಿ ಹಂಬಲಿಸುವವನ ಹಾಗೆ. "ಆದ್ರೆ ಈ ಬಿಗಿ ಪ್ಯಾಂಟಲ್ಲಿ ನಾನು ಇದನ್ನ ಎಳೆಯೋಷ್ಟರಲ್ಲಿ ಅವನು ಕಾಫಿ ಕುಡಿದು ಲೋಟ ತೊಳೆದಿಟ್ಟು ಹೋಗಿರ್ತಾನೆ. ಎರಡಿಂಚು ಸಡಿಲ ಮಾಡಿಬಿಡು. ಬೇಕಾದ್ರೆ ನಿಮ್ಮಕ್ಕನ್ನೇ ಕೇಳು, ಅವಳಿಗೆ ಗೊತ್ತು."

"ಅಕ್ಕನಿಗೇನು ಗೊತ್ತು?"

"ಅವಳೇ ಅಲ್ವೇನೇ ಕಳ್ಳ! ಸಂಜೆ ಹಿತ್ತಲ ಬಾಗಿಲಿಂದ ಒಳಗೆ ಬರ್ತಾಳೆ, ನಾನು ಎಳೆದು ಟಕ್ ಅನ್ನಿಸ್ತೀನಿ. ಖಾಲಿ ಇರುತ್ತೆ ಕಣಮ್ಮ, ಹಾಗ್ಯಾಕೆ ನುಂಗೋ ಥರ ನೋಡ್ತೀಯ? ಮೊದಮೊದಲು ಇವಳಿಗೆ ನೆಟ್ಟಗೆ ಕೈ ಎತ್ತೋಕೂ ಬರ್ತಿರಲಿಲ್ಲ. ಕಿಸಿಕಿಸಿ ನಗ್ತಿದ್ಲು. ಈಗ ಬೀಳೋದನ್ನೂ ಕಲ್ತಿದ್ದಾಳೆ. ತೋರಿಸೇ!"

ಅಕ್ಕ ಎದ್ದಳು. ಪ್ಯಾಂಟುಗಳ ಇಸ್ತ್ರಿ ಕೆಡದಂತೆ ಸ್ಟೂಲಿನ ಮೇಲಿಟ್ಟು ಎರಡೂ ಕೈ ಎತ್ತಿದಳು. ಬಸ್ಸಿನಲ್ಲಿ ಕಂಬಿ ಹಿಡಿಯಲು ಎತ್ತುವಷ್ಟು ಸಲೀಸಾಗಿ. ರವಿಕೆಯ ತೋಳು ಜಾರಿ ಬಲ ಮೊಣಕೈಯ ಹಸಿರುಗಟ್ಟಿದ ಏಟು ಕಂಡಿತು.

"ಸಾಕು. ಇಳಿಸು ಕೈ," ಎಂದಳು ಟೈಲರಮ್ಮ. ಗೂಟದಲ್ಲಿ ತೂಗುತ್ತಿದ್ದ ಯಾರದೋ ದೊಡ್ಡ ಪ್ಯಾಂಟನ್ನು ಎಳೆದು ಭಾವನ ಎದೆಗೆ ಒತ್ತಿದಳು. "ಇದು ನಿಮಗಿಂತ ಎರಡಿಂಚು ಜಾಸ್ತಿ. ಒಳಗೆ ಹೋಗಿ ಹಾಕಿ ನೋಡಿ."

ಭಾವ ಹುಡುಗನ ಹುರುಪಿನಲ್ಲಿ ಪರದೆಯ ಹಿಂದೆ ಹೋದ. ಬೆಲ್ಟಿನ ಬಕಲು ನೆಲಕ್ಕೆ ಬಿದ್ದ ಸದ್ದಾಯಿತು.

"ಮೊಣಕೈ ಏನಾಯ್ತು?" ಟೈಲರಮ್ಮ ಪಿಸುಗುಟ್ಟಿದಳು.

"ಬೀಳೋವಾಗ ಅಡುಗೆ ಕಟ್ಟೆ ತಗುಲ್ತು."

"ಥೂ! ನಿನಗೆ ನಾಚಿಕೆ ಆಗಲ್ವೇನೇ ಅಕ್ಕ?"

"ಆಗುತ್ತೆ."

ಒಳಗೆ ಕನ್ನಡಿಯ ಮುಂದೆ ಭಾವ, "ಏಯ್! ನಿಲ್ಲು ಅಲ್ಲೇ!" ಎಂದ. ಟಕ್. ಪರದೆ ಅಲುಗಿತು. "ಆಹಾ, ಹೀಗಿರಬೇಕು!" ಮತ್ತೆ ಟಕ್. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ಒಳಗೆ ಇಣುಕಿ ಮುಂದೆ ಸಾಗಿದರು. ಟೈಲರಮ್ಮ ಡ್ರಾಯರ್ ಎಳೆದು ಮಹಡಿ ಕೋಣೆಯ ಬೀಗದ ಕೈ ತೆಗೆದು ಅಕ್ಕನ ಅಂಗೈಗೆ ಒತ್ತಿದಳು.

"ಮೇಲಿನ ರೂಮು ಖಾಲಿ ಇದೆ. ಇವತ್ತಿಂದ ಇಲ್ಲೇ ಇರು. ಕೆಲಸ ಜಾಸ್ತಿ ಇದೆ, ಗುಂಡಿ ಹಾಕೋಕೆ ಜನ ಬೇಕು ಅಂತ ನಾನೇ ಹೇಳ್ತೀನಿ. ಅವನ ಪ್ಯಾಂಟು ನಾನು ಮುಟ್ಟಲ್ಲ."

ಅಕ್ಕ ಬೀಗದ ಕೈಯನ್ನು ಅತ್ತಿತ್ತ ತಿರುಗಿಸಿ ನೋಡಿದಳು. "ಅವರು ಎಳೆಯೋಕೆ ಮೊದಲು ಗುಂಡು ತೆಗೆದು ಎತ್ತಿಡೋದು ನಾನೇ. ಅವರಿಗೆ ಮರೆವು ಜಾಸ್ತಿ. ಎರಡು ಸಲ ಮರೆತಿದ್ರು."

"ಅಯ್ಯೋ, ಅದಕ್ಕೇ ಅಲ್ವೇನೇ ಬಾ ಅಂತಿರೋದು!"

"ನಾನು ಬಂದ್ರೆ ನನ್ನ ಜಾಗದಲ್ಲಿ ಪಾತ್ರೆ ತೊಳೆಯೋಳನ್ನ ನಿಲ್ಲಿಸ್ತಾರೆ. ಆಗ್ಲೇ ಒಂದ್ಸಲ ಕರೆದಿದ್ರು. ಅವಳೂ ಚೊಂಬು ಕೆಳಗಿಟ್ಟು ಬಂದು ನಿಂತ್ಲು, ಪಾಪ."

"ಅವಳಿಗೂ ಬರಬೇಡ ಅನ್ನೋಣ. ನೀನು ಮೊದಲು ಇದನ್ನ ಇಟ್ಕೋ. ನನ್ನಾಣೆ, ಇಟ್ಕೋ ಅಕ್ಕ."

ಟಕ್.

ಅಕ್ಕ ಕತ್ತರಿಯ ಪಕ್ಕದಲ್ಲಿದ್ದ ಗುಂಡಿ ಡಬ್ಬಿಯ ಮುಚ್ಚಳ ತೆರೆದು, ಬೀಗದ ಕೈಯನ್ನು ಬಿಳಿ ಗುಂಡಿಗಳ ನಡುವೆ ಹಾಕಿ, ಮುಚ್ಚಳ ಒತ್ತಿದಳು.

"ಬೇಡ," ಎಂದಳು.