ಎದುರುಗಾಳಿ

ಇನ್ನೂರು ಕಿಲೋಮೀಟರ್ ಸೈಕಲ್ ಸವಾರಿಯಲ್ಲಿ ನೂರೈವತ್ತು ಮುಗಿದರೂ ನನ್ನ ಗೆಳೆಯ, ಆ ಹಲ್ಲಿನ ಡಾಕ್ಟರ್, ನನ್ನ ಬೆನ್ನಿಗೇ ಅಂಟಿಕೊಂಡಿದ್ದ. ಹತ್ತು ಕಿಲೋಮೀಟರಿಗೊಮ್ಮೆ ಸರದಿ ಬದಲಿಸಿ, ಹಿಂದಿನವನಿಗೆ ಹಗುರಾಗಲೆಂದು ಮುಂದೆ ಹೋಗಿ ಗಾಳಿ ಸೀಳಬೇಕೆಂದು ಮಾತಾಗಿತ್ತು. ಸೀಳಿದ್ದೆಲ್ಲ ನಾನೊಬ್ಬನೇ.

"ಈಗಲಾದ್ರೂ ಮುಂದೆ ಹೋಗೋ!"

"ನಿನ್ನ ಬೆನ್ನು ಒಳ್ಳೇ ಗೋಡೆ ಇದ್ದಂಗಿದೆ ಕಣೋ, ಬಿಡೋಕೆ ಮನಸ್ಸೇ ಬರ್ತಿಲ್ಲ," ಎಂದು ಹಲ್ಲು ಕಿಸಿದ.

ಮೈಯೆಲ್ಲ ಉರಿದುಹೋಯಿತು. ಎರಡೂ ಬ್ರೇಕ್ ಒಟ್ಟಿಗೆ ಅದುಮಿದೆ. ಅವನು ನನ್ನ ಹಿಂದಿನ ಚಕ್ರಕ್ಕೆ ಗುದ್ದಿ ಟಾರು ರಸ್ತೆಗೆ ಮಕಾಡೆ ಬಿದ್ದ. ಎದ್ದು, ಎರಡು ಹಲ್ಲು ಉಗಿದು, ಸೈಕಲ್ಲಿಗೆ ಸಿಕ್ಕಿಸಿದ್ದ ಗಾಳಿ ಹೊಡೆಯುವ ಪಂಪು ಕಿತ್ತು ನನ್ನ ದವಡೆಗೆ ಬಾರಿಸಿದ. ಆಮೇಲೆ ಸೈಕಲ್ ಎತ್ತಿ ಹತ್ತಿ, ಮುಂದೆ ಹೋದ.

"ಬಾರೋ ಹಿಂದೆ, ಹಾಳಾದೋನೆ!"

ಹೋದೆ. ಆ ದಿನ ಮೊದಲ ಸಲ ನನ್ನ ಮುಖಕ್ಕೆ ಗಾಳಿ ಬಡಿಯಲಿಲ್ಲ. ಅವನ ರಕ್ತ ಬಡಿಯಿತು.